ತವರಿಗೆ ಹೋಗುತ್ತಿದ್ದ ಬಂದೂಕು

ನನ್ನ ಸೋದರಮಾವನ ಮನೆತನ ಹುಮನಾಬಾದದ ಪೇಟೆಯಲ್ಲಿ ತಲೆತಲಾಂತರದಿಂದ ಜೋಳ, ತೊಗರಿ ತೂಗುತ್ತ ಬಂದದ್ದು. ಆ ಮನೆಯಿಂದ ಯಾರಾದರೂ ಯುದ್ಧಕ್ಕೆ ಹೋಗಿದ್ದರೆ ತಕ್ಕಡಿ ಹಿಡಿದುಕೊಂಡೇ ಹೋಗಿರಬೇಕು. ಹೀಗಿದ್ದರೂ ಪಡಸಾಲೆಯ ಗೋಡೆಯ ಮೇಲೆ ಮೂರು ಬಂದೂಕು, ಎರಡು ಪಿಸ್ತೂಲು ತೂಗಾಡುತ್ತಿದ್ದವು. ಕೆಳಗೆ ಜೋಳದ ಚೀಲಗಳು, ಮೇಲೆ ಬಂದೂಕುಗಳು. ಚೀಲಗಳನ್ನು ಇಲಿಗಳು ಕಡಿಯುತ್ತಿದ್ದವು. ಮೇಲಿನ ಸರಂಜಾಮಿಗೆ ಹೆದರಿ ಒಂದು ಇಲಿಯಾದರೂ ಓಡಿಹೋದದ್ದನ್ನು ನಾನು ಕಂಡಿಲ್ಲ.

ತಂದೆ ತೀರಿಕೊಂಡ ಮೇಲೆ ನಾನು ಬೆಳೆದದ್ದು ಆ ಗೋಡೆಯ ಕೆಳಗೆ. ಮುಂದೆ ಹೈದರಾಬಾದಿಗೆ ಕಾಲೇಜು ಓದಲು ಹೋದೆ. ಅಲ್ಲಿನ ವಾದಸಭೆಯಲ್ಲಿ ನಮಗೆ ತಿದ್ದಿ ತಿದ್ದಿ ಕಲಿಸಿದ್ದು ಒಂದೇ ವಿದ್ಯೆ: ಯಾವ ಪಕ್ಷ ನಿನ್ನ ಪಾಲಿಗೆ ಬಂದರೂ ಸರಿ, ಎದುರಿನವನು ಆಡಿದ ಮೊದಲ ಮಾತನ್ನೇ ಹಿಡಿದು, ಇದಕ್ಕೆ ಆಧಾರವೇನು ಎಂದು ಕೇಳು. ರಜೆಗೆ ಊರಿಗೆ ಬಂದಾಗ ಈ ಪ್ರಶ್ನೆ ಕೇಳಲು ಮಾಮಾನ ಗೋಡೆಗಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಪಿಸ್ತೂಲುಗಳಿಂದಲೇ ಶುರುಮಾಡೋಣ. ಅವೆರಡಕ್ಕೂ ಕುದುರೆಯೇ, ಅಂದರೆ ಒತ್ತಿ ಹಾರಿಸುವ ಕೀಲೇ, ಇರಲಿಲ್ಲ. ಯಾರೋ ಒಬ್ಬ ಸರದಾರ ಅವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದನೆಂದು ಮಾಮಾ ಹೇಳುತ್ತಿದ್ದ. ಸರದಾರ ಯಾರು, ಯಾವ ಊರಿನವನು ಎಂದರೆ, 'ದೊಡ್ಡಾಂವ ಇದ್ದ' ಎಂಬಲ್ಲಿಗೆ ಚರಿತ್ರೆ ಮುಗಿಯುತ್ತಿತ್ತು. ಮೂರು ಬಂದೂಕುಗಳಲ್ಲಿ ಒಂದು ಬೇಟೆಯದು. ಅದರ ಮರದ ಹಿಡಿಯನ್ನು ಗೆದ್ದಲು ತಿಂದು ಮುಗಿಸಿತ್ತು. ಬಡಿಗ ಬೇವಿನ ಮಂಚದ ಕಾಲೊಂದನ್ನು ಕೆತ್ತಿ ಆ ಜಾಗಕ್ಕೆ ಕೂರಿಸಿದ್ದ. ಹೀಗಾಗಿ ಅದು ಅರ್ಧ ಬಂದೂಕು, ಅರ್ಧ ಮಂಚ. ಎರಡರಿಂದಲೂ ಉಪಯೋಗವಿಲ್ಲ.

ಎರಡನೆಯದು ಪಲ್ಟನ್ ಬಂದೂಕು. ಹಿಂದಿನ ದೊಡ್ಡ ಯುದ್ಧ ಮುಗಿದ ಮೇಲೆ ಸಿಕಂದರಾಬಾದಿನ ದಂಡಿನ ಪೇಟೆಯಲ್ಲಿ ಸಿಪಾಯಿಗಳ ಬೇಡವಾದ ಬೂಟು, ಕಂಬಳಿ, ನೀರಿನ ತಗಡಿನ ಬಾಟಲಿ ಮಾರುವ ಅಂಗಡಿಗಳಿದ್ದವು. ಮಾಮಾ ತೊಗರಿಯ ವ್ಯವಹಾರಕ್ಕೆ ಹೋದವನು ಅಲ್ಲಿಂದ ಇದನ್ನು ತಂದಿದ್ದ. ಅದರ ನಳಿಗೆಯಲ್ಲಿ, ಬುಡದ ಹತ್ತಿರ, ಕಿರುಬೆರಳು ಹೋಗುವಷ್ಟು ದೊಡ್ಡ ತೂತು. ಈ ಕಡೆಯಿಂದ ನೋಡಿದರೆ ಆ ಕಡೆ ಕಾಣುತ್ತಿತ್ತು. ಬಂದೂಕು ಇನ್ನು ಮುಂದೆ ಹಾರಬಾರದೆಂದು, ಬರಿಯ ಕವಾಯತಿಗೆ ಇಡುವಾಗ ದಂಡಿನವರೇ ಹಾಗೆ ಕೊರೆಯುತ್ತಾರೆ. ಅಂಗಡಿಯವನು ಮಾತ್ರ, ಗುಂಡು ಹೊಡೆದಾಗ ಒಳಗಿನ ಕಾವು ಹೋಗಲು ವಿಲಾಯತಿಯವರು ಮಾಡಿದ ಹೊಸ ಯುಕ್ತಿ ಇದು ಎಂದು ಹೇಳಿ ಮಾರಿದ್ದ. ಮಾಮಾ ಅದನ್ನು ನಂಬಿದ್ದಲ್ಲದೆ ಮನೆಗೆ ಬಂದವರಿಗೆಲ್ಲ ಆ ತೂತನ್ನೇ ಮೊದಲು ತೋರಿಸುತ್ತಿದ್ದ.

ಉಳಿದದ್ದು ತೋಡೇದಾರ. ಬತ್ತಿಗೆ ಕಿಡಿ ತಾಗಿಸಿ ಹಾರಿಸುವ, ಆಳೆತ್ತರದ ಹಳೆಯ ಬಂದೂಕು. ಮಾಮಾನ ಮುತ್ತಜ್ಜ ಕಲ್ಯಾಣದ ಕೋಟೆಯ ಬಾಗಿಲು ಕಾದು ಪಡೆದದ್ದೆಂದು ಮನೆಯ ಮಾತು. ಆ ಮುತ್ತಜ್ಜ ಕೋಟೆಗೆ ಜೋಳ ಹಾಕುತ್ತಿದ್ದನೆಂಬುದಕ್ಕೆ ಮನೆಯಲ್ಲೇ ಹಳೆಯ ಚೀಟಿಗಳಿದ್ದವು, ಬಾಗಿಲು ಕಾದದ್ದಕ್ಕೆ ಒಂದೂ ಇರಲಿಲ್ಲ. ಉಳಿದ ನಾಲ್ಕೂ ಹಾರುವುದಿಲ್ಲವೆಂದು ಕಚೇರಿಯವರು ಎಂದೋ ಬರೆದುಕೊಂಡು ಬಿಟ್ಟುಬಿಟ್ಟಿದ್ದರು. ಪರವಾನಗಿ ಇದ್ದದ್ದು ತೋಡೇದಾರಕ್ಕೆ ಮಾತ್ರ. ಅದರ ನಳಿಗೆಯ ಬುಡದಲ್ಲಿ ಸರಕಾರಿ ನಂಬರನ್ನು ಮೊಳೆಯಿಂದ ಹೊಡೆದು ಕೂರಿಸಿದ್ದರು. ಅದೇ ನಂಬರು ಪರವಾನಗಿಯ ಕಾಗದದಲ್ಲೂ ಇತ್ತು. ಎರಡೂ ತಾಳೆಯಾದರೆ ಬಂದೂಕು ಮಾಮಾನದು, ಇಲ್ಲದಿದ್ದರೆ ಸರಕಾರದ್ದು.

ಮಾಮಾ ಅದನ್ನು ಸಾಕುತ್ತಿದ್ದ ರೀತಿ ಹೇಳಿದರೆ ನಂಬುವುದು ಕಷ್ಟ. ವಾರಕ್ಕೊಮ್ಮೆ ಕೆಳಗಿಳಿಸಿ, ಕೌದಿಯ ಮೇಲೆ ಮಲಗಿಸಿ, ನಳಿಗೆಯೊಳಗೆ ಕುದಿಯುವ ನೀರು ಹೊಯ್ದು, ಉದ್ದನೆಯ ಗಜಕ್ಕೆ ಅರಿವೆ ಸುತ್ತಿ ಒಳಗೆಲ್ಲ ಒರೆಸಿ, ಬಿಸಿಲಿಗೆ ಒಣಗಿಸುತ್ತಿದ್ದ. ಇಲ್ಲಿಯವರೆಗೆ ಸರಿ. ಮುಂದೆ ಹಚ್ಚುವುದೇನು? ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಹಳೆಯ ಕಬ್ಬಿಣಕ್ಕೆ ಕುರಿಯ ಕೊಬ್ಬು ಕರಗಿಸಿದ ಚರಬಿಯಂಥದು ಮತ್ತೊಂದಿಲ್ಲವೆಂದು ಬಲ್ಲವರೆಲ್ಲ ಹೇಳುತ್ತಾರೆ, ಆದರೆ ಚರಬಿ ನಮ್ಮ ಹೊಸ್ತಿಲು ದಾಟುವಂತಿಲ್ಲ. ಮೊದಲು ಕುಸುಬೆ ಎಣ್ಣೆ ಹಚ್ಚಿ ನೋಡಿದ. ಅದು ಹದಿನೈದು ದಿನದಲ್ಲಿ ಅಂಟಾಗಿ, ಬತ್ತಿ ಹಿಡಿಯುವ ಕೊಂಡಿ ಅಲುಗಾಡದಂತೆ ಕಚ್ಚಿಕೊಂಡಿತು. ಆಮೇಲೆ ಆಕಳ ತುಪ್ಪಕ್ಕೆ ಬಂದ. ಇರುವೆಗಳು ಗೋಡೆ ಹತ್ತಿ ಸಾಲುಗಟ್ಟಿ ನಳಿಗೆಯೊಳಗೆ ಹೋಗುತ್ತಿದ್ದವು. ಆ ಬಂದೂಕಿನೊಳಗೆ ನಾನು ಕಂಡ ಸೈನ್ಯ ಅದೊಂದೇ.

ಅತ್ತೆ ಇದನ್ನೆಲ್ಲ ಒಲೆಯ ಮುಂದೆ ಕುಳಿತೇ ನೋಡುತ್ತಿದ್ದಳು. ಒಮ್ಮೆ ನನ್ನ ಕಡೆ ತಿರುಗಿ, "ನನ್ನ ತಲಿಗಿ ಎಣ್ಣಿ ಕಂಡು ತಿಂಗಳಾತು. ಇದಕ್ಕ ನೋಡು, ವಾರಾ ತಪ್ಪದ ಎರೀತಾರ. ಮುಂದಿನ ಜನ್ಮಕ್ಕ ನಾ ಬಂದೂಕ ಆಗೇ ಹುಟ್ತೀನಿ" ಅಂದಳು.

ಮಾಮಾ ತಲೆ ಎತ್ತದೆ, "ಹುಟ್ಟು. ಸಪ್ಪಳಾ ಮಾತ್ರ ಈ ಜನ್ಮದಾಗ ಮಾಡಿ ಮುಗಿಸೀದಿ" ಅಂದ.

ಪ್ರತಿವರ್ಷ ಆಯುಧಪೂಜೆಯ ಖಂಡೇನವಮಿಗೆ ಎಂಟು ದಿನ ಮುಂಚೆ ತೋಡೇದಾರ ಕಲ್ಯಾಣಕ್ಕೆ ಹೋಗುತ್ತಿತ್ತು. ಅಲ್ಲಿ ಕೋಟೆಯ ಹತ್ತಿರದ ಓಣಿಯಲ್ಲಿ ಒಬ್ಬ ವಯಸ್ಸಾದ ಶಿಕಲಗಾರನಿದ್ದ. ಕತ್ತಿ, ಬಂದೂಕು ಉಜ್ಜಿ ಹದಮಾಡುವುದು ಅವನ ಹಿರಿಯರಿಂದ ಬಂದ ಕಸುಬು. ಊರೆಲ್ಲ ಅವನನ್ನು ಉಸ್ತಾದ ಎನ್ನುತ್ತಿದ್ದರು. ಬಂದೂಕನ್ನು ಕೌದಿಯಲ್ಲಿ ಸುತ್ತಿ, ಬಂಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ, ಬಸುರಿ ಮಗಳನ್ನು ಕಳಿಸುವ ಹಾಗೆ ಮೆಲ್ಲಗೆ ಹೊಡೆಯಲು ಬಂಡಿಯವನಿಗೆ ಹೇಳಿ ಕಳಿಸುತ್ತಿದ್ದರು. ಮನೆಯಲ್ಲಿ ಇದಕ್ಕೆ 'ತವರಿಗೆ ಹೋಗೂದು' ಎಂದೇ ಹೆಸರು. ಉಸ್ತಾದ ಅದನ್ನು ಬಿಚ್ಚಿ, ಉಜ್ಜಿ, ಒಳಗೆ ಹೊರಗೆ ಚರಬಿ ಸವರಿ ಕಳಿಸುತ್ತಿದ್ದ. ಅವನು ಚರಬಿ ಸವರುತ್ತಾನೆಂದು ಮಾಮಾನಿಗೆ ಚೆನ್ನಾಗಿ ಗೊತ್ತು. ಹಾಗಾದರೆ ನಿಮ್ಮ ಮಡಿ ಎಲ್ಲಿ ಹೋಯಿತೆಂದು ನಾನು ಕೇಳಿದ್ದೆ.

"ಅದು ತನ್ನ ತವರಾಗ ಏನು ಉಣ್ತದೋ ನಾ ಯಾಕ ಕೇಳ್ಲಿ" ಅಂದ. "ನಮ್ಮನಿಗಿ ಬಂದ ಮ್ಯಾಲ ನಮ್ಮ ಹಾಂಗ ಇರ್ಬೇಕು, ಅಷ್ಟ."

ಹಾಗಾಗಿ ತಿರುಗಿ ಬಂದ ಬಂದೂಕನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹೊಯ್ದು, ಚರಬಿಯ ಕುರುಹೂ ಉಳಿಯದಂತೆ ಮೀಯಿಸಿ, ವಿಭೂತಿ ಬಳಿದು ಒಳಗೆ ಕರೆದುಕೊಳ್ಳುತ್ತಿದ್ದರು. ನವಮಿಯ ದಿನ ಅದರ ಮೇಲೆ ಹಸಿ ಗಂಧ, ಕುಂಕುಮ, ಹೂವು. ಇಷ್ಟೆಲ್ಲ ಉಪಚಾರವಾದ ಮೇಲೆ ಕಬ್ಬಿಣ ಏನು ಮಾಡಬೇಕೋ ಅದನ್ನೇ ಮಾಡುತ್ತಿತ್ತು. ದೀಪಾವಳಿಯ ಹೊತ್ತಿಗೆ ಮೈತುಂಬ ಕೆಂಪು ತುಕ್ಕು. ಆಗ ಮಾಮಾ ಇಟ್ಟಂಗಿ ಪುಡಿ, ಹುಣಸೆಹಣ್ಣು ತೆಗೆದುಕೊಂಡು ಕುಳಿತು, ಹಿತ್ತಾಳೆಯ ತಂಬಿಗೆ ಬೆಳಗುವಂತೆ ಗಸಗಸ ತಿಕ್ಕುತ್ತಿದ್ದ. ಬಂದೂಕು ಫಳಫಳ ಹೊಳೆಯುತ್ತಿತ್ತು. ಹೀಗೆ ಹನ್ನೆರಡು ವರ್ಷ ನಡೆಯಿತು.

ಎರಡನೆಯ ದೊಡ್ಡ ಯುದ್ಧ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾನು ರಜೆಗೆ ಬಂದಾಗ ಊರಲ್ಲಿ ಡಂಗುರ ಹೊಡೆದರು. ಆಯುಧದ ಪರವಾನಗಿ ಇದ್ದವರೆಲ್ಲ ಎಂಟು ದಿನದೊಳಗೆ ಆಯುಧವನ್ನೂ ಕಾಗದವನ್ನೂ ಕಚೇರಿಗೆ ತಂದು ತಾಳೆ ನೋಡಿಸಬೇಕು. ತಾಳೆಯಾಗದ್ದನ್ನು ಜಪ್ತಿ ಮಾಡುತ್ತಾರೆ, ಇಟ್ಟುಕೊಂಡವನನ್ನು ವಿಚಾರಿಸುತ್ತಾರೆ. ಮಾಮಾನಿಗೆ ಉರ್ದು ಓದಲು ಬರುತ್ತಿರಲಿಲ್ಲ. ಪರವಾನಗಿಯನ್ನು ನನ್ನ ಕೈಗೆ ಕೊಟ್ಟ. ನಾಲ್ಕು ನೂರ ಹದಿನೇಳು ಎಂದು ಓದಿ, ಬಂದೂಕನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಂಬರು ಇರಬೇಕಾದ ಜಾಗ ಕನ್ನಡಿಯ ಹಾಗೆ ನುಣ್ಣಗಿತ್ತು.

"ಎಲ್ಲಿ ಹೋಗ್ತದ, ಅಲ್ಲೇ ಇರ್ತದ, ಸರಿ ನೋಡು" ಎಂದು ಮಾಮಾ ಧೋತರದ ಚುಂಗಿನಿಂದ ಆ ಜಾಗವನ್ನು ತಿಕ್ಕಿದ. ಕಾಣದ್ದನ್ನು ಹುಡುಕಲೂ ಆ ಮನುಷ್ಯನಿಗೆ ತಿಕ್ಕುವುದೊಂದೇ ಗೊತ್ತು.

ನಾನು ಬಿಡಲಿಲ್ಲ. ವಾದಸಭೆಯಲ್ಲಿ ನಿಂತ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಮಡಿಗಾಗಿ ಚರಬಿ ತೊಳೆದಿರಿ, ತೊಳೆದದ್ದಕ್ಕೆ ತುಕ್ಕು ಬಂತು, ತುಕ್ಕಿಗಾಗಿ ಇಟ್ಟಂಗಿ ಹಾಕಿ ತಿಕ್ಕಿದಿರಿ, ತಿಕ್ಕಿದ್ದಕ್ಕೆ ನಂಬರು ಹೋಯಿತು. ಸುಮ್ಮನೆ ಮೂಲೆಯಲ್ಲಿ ಬಿಸಾಕಿದ್ದರೂ ಅದು ಇನ್ನೂ ನೂರು ವರ್ಷ ಇರುತ್ತಿತ್ತು, ನಿಮ್ಮ ಭಕ್ತಿಯೇ ಅದನ್ನು ತಿಂದುಹಾಕಿತು ಎಂದೆ. ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮಾಮಾ ಪರವಾನಗಿಯನ್ನು ಮಡಚಿ ಕಿಸೆಗೆ ಹಾಕಿ, "ಉಸ್ತಾದನ ಕಡಿ ಹೋಗೂಣು, ಬಂಡಿ ಹೂಡು ಅನ್ನು" ಅಂದ. ಕೌದಿ ಮತ್ತೆ ಹೊರಗೆ ಬಂತು.

ರಾಜೇಶ್ವರದಲ್ಲಿ ಎತ್ತುಗಳಿಗೆ ನೀರು ಕುಡಿಸಿದಾಗ ಬಿಟ್ಟರೆ ದಾರಿಯಲ್ಲಿ ಮಾಮಾ ಬಾಯಿ ತೆರೆಯಲಿಲ್ಲ. ಆಗ ಆಡಿದ ಮಾತೂ ಬಂಡಿಯವನ ಜೊತೆ, ಗಾಲಿ ತಗ್ಗಿಗೆ ಬೀಳದಂತೆ ಹೊಡೆ ಎಂದು. ನಾನು ಯೋಚಿಸುತ್ತಿದ್ದದ್ದು ಮಾಮಾನನ್ನು ಹೇಗೆ ಉಳಿಸುವುದೆಂದು. ಯುದ್ಧದ ಕಾಲದಲ್ಲಿ ನಂಬರಿಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ ಹುಡುಗಾಟವಲ್ಲ. ಬಂದೂಕು ಹೋದರೆ ಹೋಗಲಿ, ಆ ಹಳೆಯ ಕಬ್ಬಿಣದ ಸಲುವಾಗಿ ಮಾಮಾ ಪೊಲೀಸ್ ಚೌಕಿಯಲ್ಲಿ ಕೂರಬೇಕಾಗಿ ಬಂದರೆ ನಾವೆಲ್ಲ ಮುಖ ಎಲ್ಲಿ ಮುಚ್ಚಿಕೊಳ್ಳುವುದು? ಮಾಮಾನಿಗೆ ಚೌಕಿಯ ಚಿಂತೆ ಇದ್ದಂತೆ ಕಾಣಲಿಲ್ಲ. ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಕೌದಿಯ ಗಂಟಿನ ಮೇಲೆ ಕೈ ಇಡುತ್ತಿದ್ದ.

ಉಸ್ತಾದನ ಅಂಗಡಿ ಎಂದರೆ ಒಂದು ಚಪ್ಪರ, ಒಂದು ಸಾಣೆ, ಗೋಡೆಗೆ ಒರಗಿಸಿದ ಕತ್ತಿಗಳು. ಮಾಮಾ ಅಲ್ಲಿ ಕುಳಿತು, ಸುತ್ತ ನೋಡಿ, ದನಿ ಇಳಿಸಿ ಕೇಳಿದ. ನಾಲ್ಕು ನೂರ ಹದಿನೇಳು ಎಂಬ ಅಂಕಿಗಳನ್ನು ಅದೇ ಜಾಗದಲ್ಲಿ ಮತ್ತೆ ಹೊಡೆದುಕೊಡಬೇಕು. ಕಾಗದದಲ್ಲಿ ಇರುವುದನ್ನೇ ತಾನೇ ಕೇಳುತ್ತಿರುವುದು, ಸುಳ್ಳೇನೂ ಅಲ್ಲವಲ್ಲ.

"ಸೇಠ್, ಅಂಕಿ ಖರೇ ಇರ್ಬಹುದು. ಹೊಡಿಯೋ ಕೈ ಸರಕಾರದ್ದಲ್ಲ" ಅಂದ ಉಸ್ತಾದ. "ನಾ ಕತ್ತಿ ಉಜ್ಜಾಂವ. ಈ ವಯಸ್ಸಿನ್ಯಾಗ ನನ್ನ ಜೇಲಿಗಿ ಕಳಿಸಬ್ಯಾಡ್ರಿ."

ಆಮೇಲೆ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಆ ನುಣುಪನ್ನು ಸವರಿ, ಇದು ಹೇಗಾಯಿತೆಂದು ಕೇಳಿದ. ನಾನು ಹೇಳಿದೆ. ಕಡಲೆಹಿಟ್ಟು, ಬಿಸಿನೀರು, ವಿಭೂತಿ, ಇಟ್ಟಂಗಿ, ಹುಣಸೆಹಣ್ಣು, ಒಂದನ್ನೂ ಬಿಡದೆ. ಉಸ್ತಾದ ಕೇಳುತ್ತ ಕೇಳುತ್ತ ಕೈ ನಿಲ್ಲಿಸಿದ.

"ಹನ್ನೆರಡು ವರ್ಷ ನಾ ಹಚ್ಚಿದ್ದು ಹೊಸ್ತಿಲದಾಗೇ ತೊಳೀತಿದ್ರಿ?"

ಮಾಮಾ ಹೌದೆಂದು ತಲೆಯಾಡಿಸಿದ.

"ಪ್ರತಿ ವರ್ಷ ನಳಿಗಿ ಒಳಗ ತುಕ್ಕ ನೋಡಿ, ನನ್ನ ಚರಬೀನೇ ಕೆಟ್ಟದ್ದು ಅಂತ ನಾ ಕಸಾಬನ ಜೋಡಿ ಜಗಳಾಡೀನಿ" ಅಂದ ಉಸ್ತಾದ. "ಎರಡು ಸರ್ತಿ ಕಸಾಬನ್ನ ಬದಲಿ ಮಾಡೀನಿ. ಮೊದಲಿನಾಂವ ಬಿಚಾರಾ ಇವತ್ತಿಗೂ ನನ್ನ ಮಾತಾಡ್ಸೂದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, ಬಿಡ್ರಿ ಉಸ್ತಾದ, ಎಲ್ಲೋ ಗುಜರಿಯಲ್ಲಿ ಕೊಂಡದ್ದಕ್ಕೆ ಕೋಟೆಯ ಬಾಗಿಲಿನ ಕಥೆ ಕಟ್ಟಿದ್ದಾರೆ, ಗೋಡೆಯ ಮೇಲಿನ ಐದೂ ಒಂದೇ ಜಾತಿಯವು ಎಂದೆ. ಅವನು ನನ್ನನ್ನು ನೋಡಿದ ರೀತಿ ನನಗೆ ಸೇರಲಿಲ್ಲ. ಎದ್ದು, ನಳಿಗೆಯನ್ನು ಮರದಿಂದ ಬಿಡಿಸಿ, ದಾರ ಕಟ್ಟಿ ಚಪ್ಪರದ ತೊಲೆಗೆ ತೂಗುಹಾಕಿದ. ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟಿದ. ಸೀಳು ಬಿಟ್ಟ ಕಬ್ಬಿಣ ದಬ್ ಎನ್ನುತ್ತದೆ. ಇದು ಬಹಳ ಹೊತ್ತು ಗುಂಯ್ ಎನ್ನುತ್ತಲೇ ಇತ್ತು. ಆಮೇಲೆ ಒಂದು ಲಿಂಬೆಹಣ್ಣು ಕೊಯ್ದು, ನಳಿಗೆಯ ಮಧ್ಯದಲ್ಲಿ ಒಂದು ಗೇಣು ಜಾಗಕ್ಕೆ ರಸ ತಿಕ್ಕಿ, ನಮ್ಮನ್ನು ಕಾಯಿಸಿದ. ಬೆಳ್ಳಗೆ ಹೊಳೆಯುತ್ತಿದ್ದ ಕಬ್ಬಿಣ ಮೆಲ್ಲಗೆ ಕಪ್ಪಾಗಿ, ಅದರೊಳಗಿಂದ ಗೆರೆಗಳು ಮೇಲೆ ಬಂದವು. ಕೆರೆಯ ನೀರಿಗೆ ಗಾಳಿ ಬಿಟ್ಟಾಗ ಏಳುವಂಥ ಸಣ್ಣ ಸಣ್ಣ ಅಲೆ, ಒಂದರ ಹಿಂದೆ ಒಂದು. ಕಬ್ಬಿಣದ ಪಟ್ಟಿಗಳನ್ನು ಕಾಸಿ, ಹೊಸೆದು, ಸುತ್ತಿ, ಬೆಸೆದು ಮಾಡಿದ ನಳಿಗೆಯಲ್ಲಿ ಮಾತ್ರ ಇವು ಇರುತ್ತವೆ, ಇಂಥದ್ದನ್ನು ಮಾಡುವವರು ಈಗ ಈ ಸೀಮೆಯಲ್ಲಿ ಯಾರೂ ಉಳಿದಿಲ್ಲ ಎಂದು ಉಸ್ತಾದ ಹೇಳಿದ.

"ನಿಮ್ಮ ಮುತ್ತ್ಯಾ ಬಾಗಲಾ ಕಾದಿದ್ನೋ ಇಲ್ಲೋ ನನಗ ಗೊತ್ತಿಲ್ಲ. ಈ ನಳಿಗಿ ಮಾತ್ರ ಸುಳ್ಳ ಹೇಳೂದಿಲ್ಲ. ಕಿವಿ ಚೊಕ್ಕ ಮಾಡಿದ್ರ ಇವತ್ತೂ ಹಾರ್ತದ. ಮಾಡಿದಾಂವನ ಹೆಸರೂ ಇತ್ತೇನೋ. ನಂಬರ ಹೋದ ದಾರೀಲೇ ಅದೂ ಹೋಗ್ಯಾದ."

ಕಿವಿ ಎಂದರೆ ಬತ್ತಿಯ ಕಿಡಿ ಒಳಗಿಳಿಯುವ ಸಣ್ಣ ತೂತು. ಅದರಲ್ಲಿ ಕಳೆದ ನವಮಿಯಿಂದೀಚೆಗಿನ ತುಪ್ಪ ಗಟ್ಟಿಯಾಗಿ ಕುಳಿತಿತ್ತು. ಮಾಮಾ ಅಲೆಗಳನ್ನೇ ನೋಡುತ್ತಿದ್ದ. ಇಷ್ಟು ವರ್ಷ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ತನ್ನ ಬಂದೂಕಿನ ಮೈ ಹೇಗಿದೆಯೆಂಬುದನ್ನು ಆ ಮಹಾಶಯ ಅಂದೇ ಮೊದಲು ಕಂಡದ್ದು. ಒಳ್ಳೆಯ ವಸ್ತು ದಡ್ಡರ ಕೈಗೆ ಸಿಕ್ಕರೆ ಕೆಟ್ಟ ವಸ್ತುವಿಗಿಂತ ಹೆಚ್ಚು ಅನುಭವಿಸುತ್ತದೆ ಎಂದು ನನಗೆ ಅನ್ನಿಸಿತು. ಜೊತೆಗೆ, ಐದೂ ಒಂದೇ ಜಾತಿ ಎಂದ ನನ್ನ ಮಾತಿಗೆ ಆಧಾರವೇನಿತ್ತು ಎಂದು ಯಾರೂ ಕೇಳದಿದ್ದದ್ದು ಒಳ್ಳೆಯದಾಯಿತು.

ಕಚೇರಿಯಲ್ಲಿ ಏನು ಹೇಳಬೇಕೆಂದು ತಿರುಗಿ ಬರುವಾಗ ನಾನು ಮಾಮಾನಿಗೆ ಪಾಠ ಹೇಳಿಕೊಟ್ಟೆ. ಹೇಳಬೇಕಾದದ್ದು ಏನೂ ಇಲ್ಲ, ಸುಮ್ಮನೆ ನಿಂತಿದ್ದರೆ ಸಾಕು, ಮಾತೆಲ್ಲ ನನ್ನದು. ನನ್ನ ವಾದ ಸರಳವಾಗಿತ್ತು. ಇದು ಬಂದೂಕೇ ಅಲ್ಲ. ಬಂದೂಕಲ್ಲದ್ದಕ್ಕೆ ನಂಬರು ಬೇಡ, ನಂಬರು ಬೇಡದ್ದರ ನಂಬರು ಅಳಿದರೆ ಅಪರಾಧವಿಲ್ಲ.

ಕೊನೆಯ ದಿನ ಹೋದೆವು. ಹಾರದ ಬಂದೂಕಿಗೆ ನಂಬರು ಬೇಡವೆಂಬುದಕ್ಕೆ ಸಾಕ್ಷಿಯಾಗಿರಲೆಂದು ಪಲ್ಟನ್ ಬಂದೂಕನ್ನೂ ಹೊತ್ತುಕೊಂಡೆವು. ತಹಸೀಲದಾರ ಸಾಹೇಬರು ಮೆಲುದನಿಯ, ತಲೆ ನರೆತ ಮನುಷ್ಯ. ಚಾಕುವಿನಿಂದ ಲೇಖನಿಯ ತುದಿ ಕೆತ್ತುತ್ತ ಕುಳಿತಿದ್ದರು. ಪಕ್ಕದಲ್ಲಿ ಕಾಗದ ಪತ್ರ ಬರೆಯುವ ಪೇಶಕಾರ. ಪರವಾನಗಿ ನೋಡಿದರು, ನಳಿಗೆ ನೋಡಿದರು, ಮತ್ತೆ ಪರವಾನಗಿ ನೋಡಿದರು. ನಂಬರು ಎಲ್ಲಿ ಎಂದರು.

ನಾನು ಉರ್ದುವಿನಲ್ಲಿ ಶುರುಮಾಡಿದೆ. ಹಾರುವುದನ್ನು ಬಂದೂಕು ಎನ್ನುತ್ತಾರೆ. ಹಾರಲು ಬತ್ತಿ ಬೇಕು, ಈ ಮನೆಯಲ್ಲಿ ಬತ್ತಿ ಇರುವುದು ದೇವರ ದೀಪದಲ್ಲಿ ಮಾತ್ರ. ಮದ್ದು ಬೇಕು, ಆ ಹೊಸ್ತಿಲು ಮದ್ದನ್ನು ಎಂದೂ ಕಂಡಿಲ್ಲ. ಕಿಡಿ ಒಳಗಿಳಿಯಲು ಕಿವಿ ಬೇಕು, ಕಿವಿಯಲ್ಲಿ ತುಪ್ಪ ತುಂಬಿದೆ, ತಾವೇ ಮೂಸಿ ನೋಡಬಹುದು. ಆದ್ದರಿಂದ ಇದು ಕಬ್ಬಿಣದ ಒಂದು ಕೊಳವೆ.

ಸಾಹೇಬರು ನಿಜವಾಗಿಯೂ ಮೂಸಿ ನೋಡಿದರು. ಕುದುರೆಗೆ ಹುಲ್ಲು ಹಾಕದಿದ್ದರೆ ಅದು ಕುದುರೆಯಲ್ಲವೇ ಎಂದು ಕೇಳಿದರು. ಪ್ರಶ್ನೆ ಚೆನ್ನಾಗಿತ್ತು. ತಲೆಮಾರುಗಟ್ಟಲೆ ಹುಲ್ಲು ಹಾಕದೆ ಇಟ್ಟರೆ ಲಾಯದಲ್ಲಿ ಉಳಿಯುವುದು ಎಲುಬು ಹುಜೂರ್, ಅದಕ್ಕೆ ಯಾರೂ ಜೀನು ಹಾಕುವುದಿಲ್ಲ ಎಂದೆ. ಪೇಶಕಾರ ನಕ್ಕ. ಸಾಹೇಬರ ಮುಖದಲ್ಲೂ ನಗು ಬಂತು. ಗೆದ್ದೆ ಎಂದುಕೊಂಡೆ.

ಅವರು ಪಲ್ಟನ್ ಬಂದೂಕನ್ನು ಎತ್ತಿ ಅದರ ತೂತಿನಿಂದ ಕಿಟಕಿಯ ಬೆಳಕು ನೋಡಿದರು. ಇದು ಬಂದೂಕಲ್ಲ ಎಂಬುದನ್ನು ನಾನು ಒಪ್ಪುತ್ತೇನೆ, ಆ ತೋಡೇದಾರವನ್ನೂ ಇದರ ಹಾಗೆ ಮಾಡಿ ತೋರಿಸಿ ಎಂದರು. ಎದುರಿಗೇ ಕಮ್ಮಾರನ ಅಂಗಡಿ ಇದೆ. ನಳಿಗೆಯ ಬುಡಕ್ಕೆ ಒಂದು ತೂತು ಕೊರೆಸಿಕೊಂಡು ಬಂದರೆ ಪರವಾನಗಿಯೂ ಬೇಡ, ನಂಬರೂ ಬೇಡ, ಮನೆಗೆ ಒಯ್ದು ಗೋಡೆಗೆ ಹಾಕಿಕೊಳ್ಳಬಹುದು. ಇಲ್ಲದಿದ್ದರೆ ಬಂದೂಕು ಎಂದೇ ಲೆಕ್ಕ, ಜಪ್ತಿ ಮಾಡುತ್ತೇನೆ.

ಇದಕ್ಕಿಂತ ಹೆಚ್ಚು ಕೇಳುವುದೇನಿತ್ತು? ಮಾಮಾನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವನು ಎಷ್ಟು ದೊಡ್ಡ ತೂತು ಎಂದು ಕೇಳಿದ. ಪೇಶಕಾರ ಕಿರುಬೆರಳು ಎತ್ತಿ ತೋರಿಸಿದ. ಮಾಮಾ ಆ ಬೆರಳನ್ನು ನೋಡಿದ, ಬಾಗಿಲಾಚೆ ಕಮ್ಮಾರನ ಅಂಗಡಿಯನ್ನು ನೋಡಿದ, ಆಮೇಲೆ ನನ್ನನ್ನು ದಾಟಿ ಮುಂದೆ ಬಂದು ಕೈ ಮುಗಿದ.

"ಸಾಹೇಬ್ರ, ನಮ್ಮ ಹುಡುಗ ಓದಿದಾಂವ, ಏನೇನೋ ಹೇಳ್ಯಾನ. ಇದು ಬಂದೂಕ ಅದರಿ. ಕಿವಿ ಚೊಕ್ಕ ಮಾಡಿದ್ರ ಇವತ್ತೇ ಹಾರ್ತದ. ನಂಬರ ನಾನೇ ತಿಕ್ಕಿ ಅಳಿಸೀನಿ, ತಿಳೀದ ಅಳಿಸೀನಿ. ತೂತ ಮಾತ್ರ ಹಾಕಬ್ಯಾಡ್ರಿ. ನೀವೇ ಇಟ್ಗೋರಿ."

ಎದುರಾಳಿಗೆ ಸೋತ ವಾದಗಳನ್ನು ನಾನು ನೋಡಿದ್ದೇನೆ. ಯಾರ ಪರವಾಗಿ ನಿಂತಿದ್ದೇವೋ ಅವನೇ ಬಂದು ವಾದದ ಕತ್ತು ಹಿಸುಕಿದ್ದನ್ನು ಅಂದೇ ಕಂಡದ್ದು. ಸಾಹೇಬರಿಗೆ ಕನ್ನಡ ತಿಳಿಯುತ್ತಿತ್ತು. ಪರವಾನಗಿಯನ್ನು ಪೇಶಕಾರನ ಕಡೆ ಸರಿಸಿ, ಈ ಮನುಷ್ಯ ತನ್ನ ವಿರುದ್ಧವೇ ಸಾಕ್ಷಿ ಹೇಳಿದ್ದಾನೆ, ಇಂಥವನು ಯಾರಿಗೂ ಅಪಾಯ ಮಾಡುವುದಿಲ್ಲ ಎಂದರು. ಮೊಕದ್ದಮೆ ಬೇಡ, ಪರವಾನಗಿ ರದ್ದು, ವಸ್ತು ಜಪ್ತಿ. ರಸೀದಿ ಬರೆದುಕೊಡಲು ಪೇಶಕಾರನಿಗೆ ಹೇಳಿ ಒಳಗೆ ಹೋದರು.

ಪೇಶಕಾರ ಬರೆದು ಸಹಿಗೆ ಕೊಟ್ಟ. ಏನು ಬರೆದಿದೆ ಓದು ಎಂದ ಮಾಮಾ. 'ಹಳೆಯ ಕಬ್ಬಿಣದ ಕೊಳವೆ, ಒಂದು' ಎಂದಿತ್ತು. ನನ್ನದೇ ಮಾತು. ಪೇಶಕಾರ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಬರೆದಿದ್ದ. ಬಂದೂಕು ಎಂದು ಬರೆದರೆ ಅದು ಹೈದರಾಬಾದಿಗೆ ಹೋಗುತ್ತದೆ, ಅಲ್ಲಿ ಕರಗಿಸಿಬಿಡುತ್ತಾರೆ. ಕೊಳವೆ ಎಂದರೆ ಜಪ್ತಿ ಸಾಮಾನಿಡುವ ಇಲ್ಲಿಯ ಮಾಲಖಾನೆಯ ಮೂಲೆಯಲ್ಲಿ ಬಿದ್ದಿರುತ್ತದೆ. ಯುದ್ಧ ಮುಗಿದ ಮೇಲೆ ಬೇಡವಾದ ಸಾಮಾನು ಹೊರಗೆ ಹಾಕುವಾಗ ಬಂದು ಒಯ್ಯಿರಿ, ಯಾರೂ ಕೇಳುವುದಿಲ್ಲ ಎಂದ.

ಮಾಮಾ ಲೇಖನಿ ಕೆಳಗಿಟ್ಟ. "ಕೊಳವಿ ಅಂತ ಇದ್ರ ನಾ ಸಹಿ ಮಾಡೂದಿಲ್ಲ."

"ಮಾಮಾ, ಕೊಳವಿ ಅಂದ್ರ ತಿರುಗಿ ಬರ್ತದ. ಬಂದೂಕ ಅಂದ್ರ ಹೋದಂಗೇ."

"ಹೋಗ್ಲಿ. ಹೋದ್ರ ಬಂದೂಕ ಆಗೇ ಹೋಗ್ಲಿ."

ಜಗತ್ತಿನಲ್ಲಿ ಇದಕ್ಕಿಂತ ಹೆಡ್ಡತನ ಇದ್ದರೆ ನನಗೆ ತೋರಿಸಬೇಕು. ವಸ್ತು ಬಿಟ್ಟು ಹೆಸರು ಹಿಡಿದುಕೊಂಡು ಕುಳಿತವನಿಗೆ ಏನು ಹೇಳುವುದು? ಹೇಳಿದೆ, ಬಹಳ ಹೇಳಿದೆ. ಕಮ್ಮಾರನ ತೂತಿನಿಂದ ಹಿಡಿದು ಅತ್ತೆಯ ಕಡಲೆಹಿಟ್ಟಿನವರೆಗೆ ಎಲ್ಲ ಎತ್ತಿ ಆಡಿದೆ. ಮಾಮಾ ಕಚೇರಿಯ ಬೆಂಚಿನ ಮೇಲೆ ಕೈ ಕಟ್ಟಿಕೊಂಡು, ಮಳೆ ನಿಲ್ಲಲೆಂದು ಕುಳಿತವನ ಹಾಗೆ ಕುಳಿತಿದ್ದ. ಕೊನೆಗೆ ಪೇಶಕಾರನೇ ಬೇಸತ್ತು ನನಗೆ, ಅರ್ಧ ಗಂಟೆಯ ಹಿಂದೆ ಇದು ಬಂದೂಕಲ್ಲವೆಂದು ಸಾಹೇಬರ ಮುಂದೆ ಸಾಧಿಸಿದವರು ನೀವೇ, ಈಗ ಬಂದೂಕು ಎಂದು ನಾನು ಬರೆಯಬೇಕಾದರೆ ಇದಕ್ಕೆ ಆಧಾರವೇನು ಎಂದು ಕೇಳಿದ.

ಆಧಾರ ಕೇಳಿದ ಮೇಲೆ ನಾನು ಸುಮ್ಮನಿರಲು ಸಾಧ್ಯವಿರಲಿಲ್ಲ. ಕೊಳವೆಯಾದರೆ ಸರಕಾರ ಜಪ್ತಿ ಮಾಡಿದ್ದೇಕೆ ಎಂದು ಮೊದಲು ಕೇಳಿದೆ. ಆಮೇಲೆ ನಳಿಗೆಯನ್ನು ದಾರದಲ್ಲಿ ಕಟ್ಟಿ ಎತ್ತಿ ಹಿಡಿದು, ಅವನ ಕೈಯಲ್ಲೇ ಮಸಿಕುಡಿಕೆಯ ಮುಚ್ಚಳದಿಂದ ತಟ್ಟಿಸಿದೆ. ಕಚೇರಿಯ ತುಂಬ ಗುಂಯ್ ಎಂದಿತು. ವರಾಂಡದಲ್ಲಿ ಕುಳಿತ ಜವಾನ ಇಣುಕಿ ನೋಡಿದ. ಉಸ್ತಾದ ಲಿಂಬೆ ತಿಕ್ಕಿದ ಒಂದು ಗೇಣು ಜಾಗವನ್ನು ಬೆಳಕಿಗೆ ತಿರುಗಿಸಿ ಅಲೆಗಳನ್ನು ತೋರಿಸಿದೆ. ಇವನ್ನು ಹೇಗೆ ಹೊಸೆಯುತ್ತಾರೆ, ಹೇಗೆ ಬೆಸೆಯುತ್ತಾರೆ, ನೀರು ಸಾಗಿಸುವ ಕೊಳವೆಗೆ ಯಾವ ಹುಚ್ಚ ಇಷ್ಟು ಕಷ್ಟಪಡುತ್ತಾನೆ ಎಂದೆ. ಆ ವಾದಕ್ಕೆ ನಾನು ಮೊದಲೇ ತಯಾರಾಗಿರಲಿಲ್ಲ. ಆದರೂ ಮೊದಲಿನ ವಾದಕ್ಕಿಂತ ಅದು ಗಟ್ಟಿಯಾಗಿ ಬಂತು. ಇದಕ್ಕಾಗಿ ನನಗೆ ಮಾಮಾನ ಮೇಲೆ ಇನ್ನೂ ಸಿಟ್ಟು ಬಂತು.

ಪೇಶಕಾರ ಮೊದಲಿನ ಕಾಗದ ಹರಿದು ಬೇರೆ ಬರೆದ. ಮಾಮಾ ಸಹಿ ಮಾಡಿದ. ತೋಡೇದಾರವನ್ನು ಜವಾನ ಹೆಗಲಿಗೆ ಹಾಕಿಕೊಂಡು ಒಳಗೆ ಹೋಗುವಾಗ ಅದರ ಬಾಯಿ ಬಾಗಿಲ ಚೌಕಟ್ಟಿಗೆ ತಗುಲಿತು. ಮಾಮಾ ಎದ್ದುನಿಂತವನು ಮತ್ತೆ ಕುಳಿತ.

ಹೊರಗೆ ಮೆಟ್ಟಿಲ ಮೇಲೆ ರಸೀದಿಯನ್ನು ನನ್ನ ಕೈಗೆ ಕೊಟ್ಟು ಓದು ಅಂದ. 'ಬಂದೂಕು, ತೋಡೇದಾರ, ಹಳೆಯದು, ಸುಸ್ಥಿತಿಯಲ್ಲಿದೆ, ನಂಬರಿಲ್ಲ' ಎಂದು ಓದಿದೆ. ಮತ್ತೊಮ್ಮೆ ಓದು ಅಂದ. ಓದಿದೆ. ಬಂದೂಕ ಅನ್ನೋದು ಇದರಾಗ ಯಾವುದು, ತೋರಿಸು ಅಂದ. ನಾನು ಬೆರಳಿಟ್ಟು ತೋರಿಸಿದೆ. ಮಾಮಾ ತನ್ನ ಬೆರಳನ್ನೂ ಅದರ ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಮಸಿ ಇನ್ನೂ ಆರಿರಲಿಲ್ಲ.